ಪರದೆ ಯಾರ ಕಡೆಗಿರಬೇಕು?

ಗೆಳತಿ: ಜಾಲರಿ ಪರದೆಗಳನ್ನು ಇಟ್ಟುಕೊಂಡು ಕಲಾಕೃತಿ ಮಾಡುತ್ತೇನೆ ಅಂದಿದ್ದೀಯ. ಯಾರ ಕಿಟಕಿಯ ಪರದೆ ಎಂದು ಮೊದಲು ಹೇಳು. ಪರದೆಯೆಂದರೆ ಬಟ್ಟೆ ಎಂದಷ್ಟೇ ತಿಳಿದು ಹೊರಟರೆ ಚೆಂದದ ಬಟ್ಟೆಯೊಂದು ಆದೀತು. ಅದಕ್ಕಿಂತ ಹೆಚ್ಚೇನೂ ಆಗದು.

ಕಲಾವಿದೆ: ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸಾಲುಮನೆಯ ಕಿಟಕಿ. ವಿಕ್ಟೋರಿಯಾ ರಾಣಿಯ ಕಾಲದ ಕೆಂಪು ಇಟ್ಟಿಗೆಯ ಮನೆ. ಕೆಳಗೆರಡು ಕೋಣೆ, ಮೇಲೆರಡು. ಎಷ್ಟೋ ಬೀದಿಗಳಲ್ಲಿ ಮುಂದೆ ಅಂಗಳವೇ ಇಲ್ಲ, ಬಾಗಿಲು ತೆರೆದರೆ ಕಾಲು ನೇರ ಫುಟ್‌ಪಾತಿನ ಮೇಲೆ. ಮುಂಗೋಣೆಯ ಗಾಜಿಗೂ ದಾರಿಹೋಕನ ಭುಜಕ್ಕೂ ನಡುವೆ ಒಂದು ಮೊಳವೂ ಇರುವುದಿಲ್ಲ. ನಮ್ಮ ಧಾರವಾಡದ ಹಳೆಯ ಮನೆಗಳನ್ನು ನೆನೆಸಿಕೊ. ಕಟ್ಟೆ, ಪಡಸಾಲೆ, ನಡುಮನೆ. ಬಂದವರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಕಟ್ಟಡವೇ ಹೇಳುತ್ತಿತ್ತು. ಈ ಸಾಲುಮನೆಗಳಲ್ಲಿ ಆ ಮಾತನ್ನೆಲ್ಲ ಒಂದು ತೆಳುಬಟ್ಟೆ ಆಡಬೇಕು.

ಗೆಳತಿ: ಬೀದಿಗೆ ಅಷ್ಟು ಅಂಟಿಕೊಂಡ ಮನೆಗೆ ಅಷ್ಟು ದೊಡ್ಡ ಗಾಜು ಯಾಕೆ ಬೇಕಿತ್ತು?

ಕಲಾವಿದೆ: ಬೆಳಕಿನ ಹಸಿವು. ಇಂಗ್ಲೆಂಡಿನಲ್ಲಿ 1696ರಿಂದ ಕಿಟಕಿಗೆ ತೆರಿಗೆಯಿತ್ತು. ಕಿಟಕಿ ಎಣಿಸಿ ಹಣ ಕೇಳುತ್ತಾರೆಂದು ಜನ ಇದ್ದ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಸಿದರು. ಗಾಜಿನ ಮೇಲಿನ ಸುಂಕ 1845ರಲ್ಲಿ ಹೋಯಿತು, ಕಿಟಕಿ ತೆರಿಗೆ 1851ರಲ್ಲಿ. ಇವೆರಡರ ನಡುವೆ, 1846ರಲ್ಲಿ, ಜಾನ್ ಲೈವ್ಸಿ ಎಂಬಾತ ನಾಟಿಂಗ್‌ಹ್ಯಾಮಿನಲ್ಲಿ ಪರದೆಯಗಲದ ಲೇಸು ಹೆಣೆಯುವ ಯಂತ್ರ ಮಾಡಿದ. ಬಡವರ ಮನೆಗೆ ಬೆಳಕೂ ಅದಕ್ಕೊಂದು ಮರೆಯೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು.

ಯಂತ್ರದ ವಂಶಾವಳಿ ಉದ್ದವಿದೆ, ಬೇಗ ಹೇಳಿ ಮುಗಿಸುತ್ತೇನೆ. ನಾಟಿಂಗ್‌ಹ್ಯಾಮಿನ ಪಕ್ಕದ ಕ್ಯಾಲ್ವರ್ಟನ್ ಹಳ್ಳಿಯ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಮಗ್ಗ ಮಾಡಿದ. 1808ರಲ್ಲಿ ಜಾನ್ ಹೀತ್‌ಕೋಟ್ ಬಾಬಿನ್ನುಗಳಿಂದ ಷಟ್ಕೋನದ ಜಾಲರಿ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1816ರಲ್ಲಿ ಲುಡ್ಡೈಟರೆಂಬ ಯಂತ್ರವಿರೋಧಿ ಕೆಲಸಗಾರರು ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಆತ ಎಲ್ಲ ಕಟ್ಟಿಕೊಂಡು ಡೆವನ್ ಪ್ರಾಂತದ ಟಿವರ್ಟನ್ನಿಗೆ ಹೋದ. ಆ ಸಂಸ್ಥೆ ಇಂದಿಗೂ ಅಲ್ಲಿದೆ. 2021ರಲ್ಲಿ ಮಂಗಳನ ಮೇಲಿಳಿದ ಪರ್ಸಿವಿಯರೆನ್ಸ್ ನೌಕೆಯ ಪ್ಯಾರಾಚೂಟಿನ ಬಟ್ಟೆ ನೇಯ್ದದ್ದು ಅವರೇ.

ಗೆಳತಿ: ಸರಿ, ಯಂತ್ರ ಸಾಕು. ತೂತೇ ಹೆಚ್ಚಿರುವ ಬಟ್ಟೆ ಮರೆಮಾಡುವುದು ಹೇಗೆ? ನಿನ್ನ ಕೆಲಸದ ಬುಡ ಅಲ್ಲೇ ಇದೆ ಅನ್ನಿಸುತ್ತದೆ.

ಕಲಾವಿದೆ: ಅಲ್ಲೇ ಇದೆ. ಹಗಲಿನಲ್ಲಿ ಬೀದಿಯ ಬೆಳಕು ಕೋಣೆಯ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಆ ಬೆಳಕು ಬಿಳಿ ಎಳೆಗಳ ಮೇಲೆ ಬಿದ್ದು ಚದುರಿ ಹೊರಗಿನವನ ಕಣ್ಣು ತುಂಬುತ್ತದೆ. ಎಳೆಗಳ ಸಂದಿಯಿಂದ ಒಳಗಿನ ಮಂದ ಬೆಳಕೂ ಬರುತ್ತಿರುತ್ತದೆ, ಆದರೆ ಈ ಹೊಳಪಿನ ಮುಂದೆ ಅದು ಲೆಕ್ಕಕ್ಕಿಲ್ಲ. ಒಳಗೆ ಕೂತವಳಿಗೆ ಇದು ತಿರುವುಮುರುವು. ಅವಳ ಕಡೆಯ ಎಳೆಗಳು ಮಂಕು, ಹೊರಗಿನ ಬೀದಿ ಪ್ರಖರ. ಅವಳು ಎಲ್ಲವನ್ನೂ ನೋಡುತ್ತಾಳೆ.

ಅದಕ್ಕೇ ಪರದೆ ಬಿಳಿ. ಕಪ್ಪು ಜಾಲರಿ ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ, ಅದರ ಮೂಲಕ ಎರಡೂ ಕಡೆಯವರಿಗೆ ಕಾಣುತ್ತದೆ. ಸೊಳ್ಳೆಯ ಜಾಲರಿ ಕಪ್ಪಾಗಿದ್ದರೆ ಅದು ಇದೆಯೆಂಬುದೇ ಮರೆತುಹೋಗುವುದನ್ನು ಗಮನಿಸಿದ್ದೀಯಲ್ಲ? ಬಿಳುಪು ಬರೀ ಅಲಂಕಾರವಲ್ಲ, ಮರೆಯೆಂಬುದು ಬಿಳುಪಿನಲ್ಲೇ ಇದೆ.

ಗೆಳತಿ: ರಾತ್ರಿ?

ಕಲಾವಿದೆ: ರಾತ್ರಿ ದೀಪ ಹಾಕಿದ ಕೂಡಲೇ ಎಲ್ಲ ಅದಲುಬದಲು. ಬೀದಿ ಕತ್ತಲು, ಕೋಣೆ ಬೆಳಕು. ಹಗಲೆಲ್ಲ ಕಾಪಾಡಿದ ಬಟ್ಟೆಯೇ ಒಳಗಿನವರ ನೆರಳನ್ನು ಬೀದಿಗೆ ತೋರಿಸುತ್ತದೆ. ಆದ್ದರಿಂದಲೇ ಇಂಗ್ಲಿಷ್ ಮನೆಗಳಲ್ಲಿ ಎರಡು ಪರದೆ: ಹಗಲಿಗೆ ಜಾಲರಿ, ಇರುಳಿಗೆ ದಪ್ಪನೆಯದು. ಯಾರು ಕತ್ತಲಲ್ಲಿದ್ದಾರೋ ಅವರಿಗೆ ನೋಡುವ ಅಧಿಕಾರ, ಯಾರು ಬೆಳಕಿನಲ್ಲಿದ್ದಾರೋ ಅವರು ಕಾಣಿಸಿಕೊಳ್ಳಲೇಬೇಕು. ನನ್ನ ಕೃತಿ ಇದರ ಬಗ್ಗೆ ಎಂದುಕೊಂಡಿದ್ದೇನೆ.

ಗೆಳತಿ: ಅದು ಭೌತಶಾಸ್ತ್ರ. ಆ ಬಿಳುಪನ್ನು ಬಿಳುಪಾಗಿ ಇಟ್ಟವರು ಯಾರು?

ಕಲಾವಿದೆ: ಹೆಂಗಸರು. ಕಲ್ಲಿದ್ದಲ ಒಲೆಗಳ ಊರಿನಲ್ಲಿ ಹತ್ತಿಯ ಪರದೆ ಬಿಳಿಯಾಗಿ ಎಷ್ಟು ದಿನ ಉಳಿದೀತು? ಒಗೆಯಬೇಕು, ಗಂಜಿ ಹಾಕಬೇಕು, ಕೊನೆಯ ನೀರಿಗೆ ನೀಲಿ ಹಾಕಬೇಕು. ಹಳದಿಗೆ ತಿರುಗಿದ ಎಳೆಗೆ ಚೂರು ನೀಲಿ ಸೇರಿದರೆ ಕಣ್ಣಿಗೆ ಬಿಳುಪಾಗಿ ಕಾಣುತ್ತದೆ. ಇಂಗ್ಲೆಂಡಿನ ಹಲ್ ಪಟ್ಟಣದ ರೆಕಿಟ್ ಕಂಪನಿ ಈ ನೀಲಿಯಿಂದಲೇ ಹೆಸರು ಮಾಡಿತು. ನಮ್ಮ ಅಜ್ಜಿಯರು ಧೋತರಕ್ಕೆ ಹಾಕುತ್ತಿದ್ದ ರಾಬಿನ್ ನೀಲಿ ಅದೇ ಮನೆತನದ್ದು. ಪರದೆ ಕಂದಿದರೆ ಬೀದಿಯವರು ಆ ಮನೆಯ ಹೆಂಗಸಿನ ಮೇಲೆ ತೀರ್ಪು ಕೊಡುತ್ತಿದ್ದರು. ಯಾರ ಕಣ್ಣಿನಿಂದ ಮರೆಯಾಗಲು ಪರದೆ ಹಾಕಿದಳೋ ಅವರೇ ಪರದೆಯನ್ನು ನೋಡಿ ಅವಳನ್ನು ಅಳೆಯುತ್ತಿದ್ದರು.

ಈ ಹೊರೆ ಇಳಿದದ್ದು ತಡವಾಗಿ. ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು 1941ರಲ್ಲಿ ಟೆರಿಲಿನ್ ಕಂಡುಹಿಡಿದರು. ಯುದ್ಧ ಮುಗಿದ ಮೇಲೆ ಅದರ ಪರದೆಗಳು ಬಂದವು. ಬೇಗ ಒಣಗುತ್ತವೆ, ಇಸ್ತ್ರಿ ಬೇಡ. ಲಂಡನ್ನಿನ 1952ರ ವಿಷಮಂಜಿನ ನಂತರ, 1956ರಲ್ಲಿ, ಹೊಗೆ ತಡೆಯುವ ಕಾಯ್ದೆಯೂ ಆಯಿತು.

ಗೆಳತಿ: ಈಗ ನಾನು ಒಂದು ಮೊಕದ್ದಮೆಯ ಕತೆ ಹೇಳಬೇಕು. ವಕೀಲಿ ಮಾಡುವವಳಿಗೆ ಇದು ತಾನಾಗಿ ನೆನಪಿಗೆ ಬರುತ್ತದೆ, ನಿನ್ನಂಥ ಕಲಾವಿದೆ ಇದನ್ನು ತಿಳಿಯದೆ ಗ್ಯಾಲರಿಯಲ್ಲಿ ಪರದೆ ತೂಗುಹಾಕಬಾರದು. ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿ 2016ರಲ್ಲಿ ತನ್ನ ಹೊಸ ಕಟ್ಟಡ ತೆರೆಯಿತು. ಹತ್ತನೆಯ ಅಂತಸ್ತಿನಲ್ಲಿ ಸುತ್ತಲೂ ನಡೆದು ಊರು ನೋಡುವ ಮೊಗಸಾಲೆ. ಎದುರಿಗೇ ನಿಯೊ ಬ್ಯಾಂಕ್‌ಸೈಡ್ ಎಂಬ ಗಾಜಿನ ಗೋಡೆಯ ವಸತಿ ಕಟ್ಟಡಗಳು. ಊರು ನೋಡಲು ಬಂದವರು ಆ ಮನೆಗಳ ಒಳಗನ್ನು ನೋಡತೊಡಗಿದರು. ಕೈಬೀಸಿದರು, ಫೋಟೊ ತೆಗೆದರು, ದುರ್ಬೀನು ಹಿಡಿದರು. ವರ್ಷಕ್ಕೆ ಲಕ್ಷಾಂತರ ಮಂದಿ. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು.

ಕಲಾವಿದೆ: ಸೋತರಲ್ಲವೇ?

ಗೆಳತಿ: ಮೊದಲು ಸೋತರು. 2019ರಲ್ಲಿ ಹೈಕೋರ್ಟಿನ ನ್ಯಾಯಾಧೀಶರು ಅವರ ಅರ್ಜಿಯನ್ನು ತಳ್ಳಿಹಾಕುತ್ತ, ಅವರೇ ಮಾಡಿಕೊಳ್ಳಬಹುದಾದ ಉಪಾಯಗಳನ್ನು ಸೂಚಿಸಿದರು. ಬ್ಲೈಂಡ್ ಇಳಿಸಬಹುದು, ಗಾಜಿಗೆ ಫಿಲ್ಮ್ ಅಂಟಿಸಬಹುದು, ಜಾಲರಿ ಪರದೆ ಹಾಕಿಕೊಳ್ಳಬಹುದು. ಗ್ಯಾಲರಿಯ ಆಗಿನ ನಿರ್ದೇಶಕರು ಮೊದಲೇ ಇಂಥದ್ದೇ ಮಾತಾಡಿದ್ದರು. 2020ರಲ್ಲಿ ಮೇಲ್ಮನವಿಯೂ ಬಿತ್ತು. ಕೊನೆಗೆ 2023ರ ಫೆಬ್ರುವರಿ 1ರಂದು ಸುಪ್ರೀಂ ಕೋರ್ಟು ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತು ನಿವಾಸಿಗಳ ಪರ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದ ಲಾರ್ಡ್ ಲೆಗ್ಗಟ್ ಅವರ ವಾದದ ತಿರುಳನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ತೊಂದರೆ ಕೊಡುತ್ತಿರುವುದು ಗ್ಯಾಲರಿ, ಆದ್ದರಿಂದ ತೊಂದರೆ ತಪ್ಪಿಸುವ ಹೊರೆ ತೊಂದರೆ ಉಣ್ಣುತ್ತಿರುವವರ ಮೇಲೆ ಬೀಳಬಾರದು.

ಕಲಾವಿದೆ: ಪರದೆ ಹಾಕಿಕೊಳ್ಳಿ ಅನ್ನುವುದು ಎಷ್ಟು ಸಹಜವಾಗಿ ಕೇಳಿಸುತ್ತದೆ! ನಾನೂ ಅದನ್ನು ಓದಿದಾಗ ಇಷ್ಟು ಸಣ್ಣ ಉಪಾಯಕ್ಕೆ ಇಷ್ಟು ದೊಡ್ಡ ಜಗಳವೇ ಅಂದುಕೊಂಡೆ. ಗಾಜಿನ ಮನೆ ಕೊಂಡವರು ಉಳ್ಳವರು ಬೇರೆ.

ಗೆಳತಿ: ಉಳ್ಳವರ ಮೊಕದ್ದಮೆಯಲ್ಲಿ ಹುಟ್ಟಿದ ನ್ಯಾಯ ಇಲ್ಲದವರಿಗೂ ಸಲ್ಲುತ್ತದೆ, ಅದನ್ನು ಬಿಡಬೇಡ. ನನಗೆ ಈ ತೀರ್ಪು ಮುಖ್ಯವಾದದ್ದು ಯಾಕೆಂದರೆ ಅದು ಹೊರೆಯನ್ನು ನೋಡುವವರ ಕಡೆಗೆ ತಿರುಗಿಸಿತು. ಸೆರಗು ಸರಿಮಾಡಿಕೊ, ಬಾಗಿಲು ಮುಂದೆಮಾಡು, ಆ ಕಿಟಕಿಯ ಹತ್ತಿರ ನಿಲ್ಲಬೇಡ ಎಂದು ಕೇಳುತ್ತಲೇ ಬೆಳೆದವರು ನಾವು. ನೋಡಬೇಡ ಎಂದು ಯಾರಿಗೆ ಎಷ್ಟು ಸಲ ಹೇಳಿದ್ದಾರೆ? ನಿನ್ನ ಜಾಲರಿ ಪರದೆ ಸುಮಾರು ಎರಡು ಶತಮಾನಗಳಿಂದ ಹೊತ್ತಿರುವುದು ಆ ಹೊರೆಯನ್ನೇ. ನಾವು ಅದನ್ನು ನೋಡಿ ಎಷ್ಟು ನವಿರು ಅನ್ನುತ್ತೇವೆ.

ಕಲಾವಿದೆ: ಹಾಗಾದರೆ ನನ್ನ ಮೊದಲ ನಕ್ಷೆ ಹರಿದುಹಾಕಬೇಕು. ದೊಡ್ಡ ಕೋಣೆಯ ಚಾವಣಿಯಿಂದ ಹತ್ತಾರು ಹಳೆಯ ಪರದೆಗಳನ್ನು ಇಳಿಬಿಡುವುದು, ಜನ ಅವುಗಳ ನಡುವೆ ಅಡ್ಡಾಡುವುದು ಎಂದು ಬರೆದುಕೊಂಡಿದ್ದೆ. ಕೊರಿಯಾದ ದೊ ಹೊ ಸುಹ್ ತಾನಿದ್ದ ಮನೆಗಳನ್ನು ಅಳತೆಗೆ ಸರಿಯಾಗಿ ಪಾರದರ್ಶಕ ಬಟ್ಟೆಯಲ್ಲಿ ಹೊಲಿದಿದ್ದಾನಲ್ಲ, ಬಾಗಿಲ ಹಿಡಿ, ಸ್ವಿಚ್ಚು ಸಹಿತ. 1999ರಲ್ಲಿ ಸೋಲ್‌ನ ತನ್ನ ತಂದೆಯ ಮನೆಯನ್ನು ಹಸಿರು ರೇಷ್ಮೆಯಲ್ಲಿ ಮಾಡಿದ. ಅಂಥ ಮನೆಗಳು 2025ರಲ್ಲಿ ಅದೇ ಟೇಟ್ ಮಾಡರ್ನಿಗೂ ಬಂದವು. ಅದರ ಗುಂಗು ನನಗಿತ್ತು.

ಗೆಳತಿ: ಅವನದು ಊರು ಬಿಟ್ಟವನ ಮನೆ, ಹೊತ್ತುಕೊಂಡು ಹೋಗುವ ಮನೆ. ಅಲ್ಲಿ ಜನ ಒಳಗೆ ಅಡ್ಡಾಡುವುದಕ್ಕೆ ಅರ್ಥವಿದೆ. ನಿನ್ನದು ಒಳಗೆ ಬರಬೇಡ ಎನ್ನುವ ವಸ್ತು. ಅದರ ನಡುವೆ ಜನರನ್ನು ನುಗ್ಗಿಸಿದರೆ ವಸ್ತುವಿಗೇ ದ್ರೋಹ.

ಕಲಾವಿದೆ: ಒಪ್ಪಿದೆ. ಪರದೆಗೆ ಚಿತ್ರ ತುಂಬುವ ಯೋಚನೆಯನ್ನೂ ಬಿಟ್ಟಿದ್ದೇನೆ. ನಾಟಿಂಗ್‌ಹ್ಯಾಮಿನ ಪರದೆ ಯಂತ್ರದಲ್ಲೇ 1942ರಿಂದ 1946ರ ನಡುವೆ ‘ಬ್ಯಾಟಲ್ ಆಫ್ ಬ್ರಿಟನ್’ ಎಂಬ ಲೇಸಿನ ಪಟ್ಟಿಕೆ ಮಾಡಿದ್ದರು. ಸುಮಾರು 15 ಅಡಿ ಉದ್ದ. ವಿಮಾನಗಳು, ಬಾಂಬಿಗೆ ಸಿಕ್ಕ ಲಂಡನ್, ಉರಿಯ ನಡುವೆ ಸೇಂಟ್ ಪಾಲ್ಸ್ ಇಗರ್ಜಿ. ಹ್ಯಾರಿ ಕ್ರಾಸ್ ಎಂಬ ವಿನ್ಯಾಸಕಾರನ ಕೆಲಸ, ಕಂಡರೆ ಕೈಮುಗಿಯಬೇಕು. ಆದರೆ ಅದು ನೋಡಲೆಂದೇ ಮಾಡಿದ್ದು. ಪರದೆಯ ಹೂಬಳ್ಳಿ ಹಾಗಲ್ಲ. ಕಣ್ಣು ಮುಂದೆ ಹೋಗದೆ ಅಲ್ಲೇ ನಿಲ್ಲಲಿ ಎಂದು ಹೂವು ಇರುವುದು.

ಗೆಳತಿ: ಈ ಮಾತು ಗಟ್ಟಿ. ಇನ್ನಿಬ್ಬರು ಕಲಾವಿದರನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಬ್ಬ ನ್ಯೂಯಾರ್ಕಿನ ಆರ್ನೆ ಸ್ವೆನ್ಸನ್. ಎದುರು ಕಟ್ಟಡದ ಗಾಜಿನ ಮನೆಗಳಲ್ಲಿದ್ದವರನ್ನು ಅವರಿಗೆ ತಿಳಿಯದಂತೆ ಉದ್ದನೆಯ ಲೆನ್ಸಿನಿಂದ ತೆಗೆದು 2013ರಲ್ಲಿ ಪ್ರದರ್ಶನಕ್ಕಿಟ್ಟ. ಅದರಲ್ಲಿ ಮಕ್ಕಳ ಚಿತ್ರಗಳೂ ಇದ್ದವು. ತಂದೆತಾಯಿ ದಾವೆ ಹೂಡಿದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಕಲಾವಿದನ ಪರ ನಿಂತಿತು. ಕಲೆಯ ಅಭಿವ್ಯಕ್ತಿಗೆ ಕಾನೂನಿನ ರಕ್ಷಣೆಯಿದೆ, ಇಂಥ ಇಣುಕಿಗೆ ಪರಿಹಾರ ಬೇಕಿದ್ದರೆ ಶಾಸನಸಭೆ ಯೋಚಿಸಲಿ ಎಂದಿತು. ಕಾನೂನು ಏನೇ ಹೇಳಲಿ, ಆ ಚಿತ್ರಗಳನ್ನು ನೋಡುವಾಗ ಕದ್ದ ಮಾಲು ಮುಟ್ಟಿದ ಹಾಗಾಗುತ್ತದೆ ನನಗೆ.

ಕಲಾವಿದೆ: ಇನ್ನೊಬ್ಬಳು ಶಿಜುಕಾ ಯೊಕೊಮಿಜೊ, ಹೌದಲ್ಲ? 1998ರಿಂದ 2000ದವರೆಗೆ ಅಪರಿಚಿತರ ಮನೆಗಳಿಗೆ ಹೆಸರಿಲ್ಲದ ಪತ್ರ ಹಾಕುತ್ತಿದ್ದಳು. ಇಂಥ ದಿನ ರಾತ್ರಿ ಇಷ್ಟು ಹೊತ್ತಿಗೆ ಹತ್ತು ನಿಮಿಷ ದೀಪ ಹಾಕಿಕೊಂಡು ಕಿಟಕಿಯ ಮುಂದೆ ಒಬ್ಬರೇ ನಿಲ್ಲಿ, ನಾನು ಬೀದಿಯಿಂದ ಒಂದು ಫೋಟೊ ತೆಗೆಯುತ್ತೇನೆ, ಇಷ್ಟವಿಲ್ಲದಿದ್ದರೆ ಪರದೆ ಎಳೆದುಬಿಡಿ, ನನಗೆ ತಿಳಿಯುತ್ತದೆ ಎಂದು.

ಗೆಳತಿ: ಅವರಿಬ್ಬರಲ್ಲಿ ನಿನಗೆ ಗುರು ಯಾರು?

ಕಲಾವಿದೆ: ಅವಳು, ಅನುಮಾನವೇ ಇಲ್ಲ. ಅಲ್ಲಿ ಪರದೆಗೆ ಬೇಡ ಎನ್ನುವ ಶಕ್ತಿಯಿದೆ. ದೀಪ ಒಳಗಿನವರ ಕೈಯಲ್ಲಿದೆ. ಆ ಚಿತ್ರಗಳಲ್ಲಿ ನಿಂತವರು ಕ್ಯಾಮೆರಾವನ್ನು ನೇರ ನೋಡುತ್ತಾರೆ. ಅವರು ಬಂದು ನಿಂತವರು, ಸಿಕ್ಕಿಬಿದ್ದವರಲ್ಲ.

ಗೆಳತಿ: ಹಾಗಾದರೆ ನಿನ್ನ ಕೃತಿಯಲ್ಲೂ ದೀಪದ ಸ್ವಿಚ್ಚು ಒಳಗಿರಬೇಕು.

ಕಲಾವಿದೆ: ಇದನ್ನೇ ಈಗ ಕಟ್ಟುತ್ತಿದ್ದೇನೆ, ಕೇಳು. ಗ್ಯಾಲರಿಯ ನಡುವೆ ಒಂದೇ ಒಂದು ಚಿಕ್ಕ ಕೋಣೆ. ಅದಕ್ಕೆ ಒಂದು ಸಾಲುಮನೆಯ ಕಿಟಕಿ, ನಿಜದ ಅಳತೆ, ನಿಜದ ಮರ. ಒಳಗೆ ಒಂದು ಕುರ್ಚಿ, ಒಂದು ದೀಪ, ಸ್ವಿಚ್ಚು ಕುರ್ಚಿಯ ಪಕ್ಕದಲ್ಲಿ. ಒಳಬಾಗಿಲಿಗೆ ಚಿಲಕವಿದೆ, ಒಬ್ಬರು ಒಳಗೆ ಹೋಗಿ ಕೂತರೆ ಅವರು ಬರುವವರೆಗೆ ಇನ್ನೊಬ್ಬರಿಗೆ ಪ್ರವೇಶವಿಲ್ಲ. ಹೊರಗಿನ ಓಣಿಗೆ ಧಾರಾಳ ಬೆಳಕು. ಕಿಟಕಿಗೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕ ಒಂದು ಮಾಮೂಲಿ ಯಂತ್ರದ ಪರದೆ. ಸ್ಪ್ರಿಂಗ್ ತಂತಿಗೆ ಪೋಣಿಸಿದ್ದು, ಕೆಳ ಅಂಚಿನಲ್ಲಿ ನೇರ ನಿಲ್ಲಲೆಂದು ಸೀಸದ ಗುಂಡುಗಳ ಪಟ್ಟಿ. ಕಿಟಕಿಯ ಒಂದೂವರೆ ಪಟ್ಟು ಅಗಲ ಇರಲೇಬೇಕು. ನೆರಿಗೆಯಿಲ್ಲದೆ ಬಿಗಿದರೆ ಜಾಲರಿಗೆ ಮರೆಮಾಡುವ ಶಕ್ತಿ ಅರ್ಧ ಹೋಗುತ್ತದೆ.

ಒಳಗಿನವರು ದೀಪ ಆರಿಸಿಟ್ಟರೆ ಹೊರಗಿನವರಿಗೆ ಬರೀ ಬಿಳಿ ಹೂಬಳ್ಳಿ. ದೀಪ ಓಣಿಯ ಬೆಳಕನ್ನು ಮೀರಿಸುವಷ್ಟು ಪ್ರಖರ, ಅವರೇ ಬೇಕೆಂದು ಅದನ್ನು ಹಾಕಿದರೆ ಮಾತ್ರ ಕಾಣುತ್ತಾರೆ.

ಗೆಳತಿ: ಚೆನ್ನಾಗಿದೆ, ಆದರೆ ಅರ್ಧವಾಯಿತು. ಈಗಲೂ ಪರದೆಯ ಹೊರೆ ಒಳಗಿನವರದೇ. ಟೇಟ್ ತೀರ್ಪಿನ ಮಾತು ಇಲ್ಲಿ ಎಲ್ಲಿದೆ?

ಕಲಾವಿದೆ: ಅದಕ್ಕೆ ಎರಡನೆಯ ಪರದೆ. ಅದು ಹೊರಗಡೆ, ಓಣಿಯ ಬದಿಗೆ, ನೋಡುವವರ ಕೈಗೆಟಕುವಂತೆ. ತಂತಿ ಅವರ ಕಡೆ, ಅಂಚು ಅವರ ಕೈಯಲ್ಲಿ. ಗ್ಯಾಲರಿ ತೆರೆಯುವಾಗ ಅದು ಸರಿದೇ ಇರುತ್ತದೆ. ಅಡ್ಡ ಎಳೆಯಿರಿ ಎಂದು ಯಾವ ಸೂಚನೆಯೂ ಇಲ್ಲ. ಎಳೆಯಬಹುದೆಂದು ಯಾರಿಗಾದರೂ ಹೊಳೆದರೆ ಎಳೆಯುತ್ತಾರೆ.

ಗೆಳತಿ: ತನ್ನ ನೋಟಕ್ಕೆ ತಾನೇ ಪರದೆ ಹಾಕಿಕೊಳ್ಳುವ ಅವಕಾಶ! ಇದು ನನಗೆ ಬೇಕಿತ್ತು. ಆ ಎರಡನೆಯ ಪರದೆಯೂ ಯಂತ್ರದ್ದೇ?

ಕಲಾವಿದೆ: ಅಲ್ಲ, ಕೈಯಲ್ಲಿ ಹೆಣೆದದ್ದು. ನಾಟಿಂಗ್‌ಹ್ಯಾಮಿನ ಪರದೆ ಯಂತ್ರ ಅನುಕರಿಸಲು ಹೊರಟದ್ದೇ ಕೈಯ ಚೌಕ ಜಾಲರಿಯನ್ನು. ಆ ಚೌಕ ಜಾಲರಿಯನ್ನು ಕ್ರೋಶಾ ಕಡ್ಡಿಯಿಂದ ಹಾಕಿಸಬೇಕು. ಆಂಧ್ರದ ನರಸಾಪುರದಲ್ಲಿ ಹಾಕಿಸುವ ಆಸೆಯಿದೆ.

ಗೆಳತಿ: ನರಸಾಪುರ ಅಂದೆಯಲ್ಲ, ಅಲ್ಲಿ ನಿಲ್ಲು. ಅಲ್ಲಿ ಲೇಸು ಹೆಣೆಯುವವರ ಬಗ್ಗೆ ಮರಿಯಾ ಮೀಸ್ ಬರೆದ ಪುಸ್ತಕ ಓದಿದ್ದೀಯಾ?

ಕಲಾವಿದೆ: ಓದಿದ್ದೇನೆ. 1982ರದು. ಗೋದಾವರಿ ತೀರದ ಆ ಊರಿಗೆ ಲೇಸಿನ ಕೆಲಸವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ತಂದವರು ಮಿಷನರಿಗಳು. ಆಮೇಲೆ ಅದು ರಫ್ತಿನ ದೊಡ್ಡ ವ್ಯಾಪಾರವಾಯಿತು. ಕಾಪು ಜಾತಿಯ ಹೆಂಗಸರು ಗೋಷಾ ಪದ್ಧತಿಯಲ್ಲಿ ಮನೆಯೊಳಗೇ ಕೂತು ಹೆಣೆಯುತ್ತಿದ್ದರು. ದಲ್ಲಾಳಿ ನೂಲು ತಂದು ಕೊಡುತ್ತಿದ್ದ, ಹೆಣೆದದ್ದನ್ನು ಒಯ್ಯುತ್ತಿದ್ದ, ತುಂಡಿನ ಲೆಕ್ಕದಲ್ಲಿ ಕಾಸು. ಅವರ ಲೇಸು ಯೂರೋಪು, ಅಮೆರಿಕದ ಮನೆಗಳನ್ನು ಸೇರುತ್ತಿತ್ತು, ವ್ಯಾಪಾರದ ಲಾಭ ಗಂಡಸರ ಕೈ ಸೇರುತ್ತಿತ್ತು. ದಿನಕ್ಕೆ ಎಷ್ಟೋ ತಾಸು ದುಡಿದರೂ ಲೆಕ್ಕದ ಪುಸ್ತಕದಲ್ಲಿ ಅವರು ಕೆಲಸಗಾರರಲ್ಲ. ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರು. ಮನೆಯೊಳಗಿನ ಕೆಲಸ ಕಾಣದ್ದರಿಂದ ಕೂಲಿ ಎಷ್ಟಾದರೂ ನಡೆಯುತ್ತದೆ ಎಂಬುದನ್ನು ಮೀಸ್ ಬಿಡಿಸಿ ತೋರಿಸಿದಳು.

ನಾಟಿಂಗ್‌ಹ್ಯಾಮಿನಲ್ಲೂ ಹೀಗೇ ಇತ್ತು. ಯಂತ್ರದಿಂದ ಬಂದ ಲೇಸಿನ ಪಟ್ಟಿಗಳನ್ನು ಬಿಡಿಸುವುದು, ನೂಲೆಳೆ ತೆಗೆಯುವುದು, ಅಂಚು ಕತ್ತರಿಸುವುದು, ಇದೆಲ್ಲ ಮನೆಮನೆಗೆ ಹಂಚಿಹೋಗುತ್ತಿತ್ತು. ಹೆಂಗಸರು, ಅವರ ಮಕ್ಕಳು. 1860ರ ಜನವರಿಯಲ್ಲಿ ಈ ಊರಿನ ಸಭೆಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟನೇ ಎದ್ದು ನಿಂತು, ಒಂಬತ್ತು ಹತ್ತು ವರ್ಷದ ಮಕ್ಕಳನ್ನು ಬೆಳಗಿನ ಜಾವ ಎರಡು, ಮೂರು, ನಾಲ್ಕು ಗಂಟೆಗೆ ಹಾಸಿಗೆಯಿಂದ ಎಳೆದು ಲೇಸಿನ ಕೆಲಸಕ್ಕೆ ಹಚ್ಚುತ್ತಾರೆ ಎಂದ. ಆ ಪತ್ರಿಕಾ ವರದಿಯನ್ನು ಕಾರ್ಲ್ ಮಾರ್ಕ್ಸ್ ‘ಕ್ಯಾಪಿಟಲ್’ನಲ್ಲಿ ಸೇರಿಸಿಕೊಂಡಿದ್ದಾನೆ. ಒಬ್ಬರ ಮನೆಗೆ ಮರೆ ಮಾಡಿಕೊಡಲು ಇನ್ನೊಬ್ಬರ ಮನೆ ಕಾರ್ಖಾನೆಯಾಯಿತು. ಇದನ್ನು ಹೇಳುವಾಗ ಇವತ್ತಿಗೂ ಎದೆ ಉರಿಯುತ್ತದೆ.

ಗೆಳತಿ: ಇಷ್ಟೆಲ್ಲ ಗೊತ್ತಿದ್ದೂ ನರಸಾಪುರದಲ್ಲಿ ಹೆಣೆಸುತ್ತೇನೆ ಅನ್ನುತ್ತೀಯ. ಹಾಗಾದರೆ ಹೇಗೆ ಹೆಣೆಸುತ್ತೀಯ ಎಂಬುದೂ ಕೃತಿಯ ಭಾಗ, ತಿಳಿದುಕೊ. ಖಾಸಗಿತನ ಹೆಣೆಯುವವರಿಗೂ ಉಂಟು. 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಯಸ್ಸು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೋದವರು ಅವರು. ಆ ತೀರ್ಪಿನಲ್ಲಿ ನನಗೆ ಹಿಡಿಸಿದ ವಿಚಾರ ಖಾಸಗಿತನ ಮನುಷ್ಯನ ಘನತೆಗೆ ಅಂಟಿಕೊಂಡದ್ದು ಎಂಬುದು. ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹಾಗೆಯೇ ಮನೆಯೊಳಗೆ ಗೋಷಾದಲ್ಲಿ ಕೂರಿಸಿದ ಮಾತ್ರಕ್ಕೆ ಅದು ಬರುವುದೂ ಇಲ್ಲ. ಕೋಣೆ ಮುಚ್ಚಿದ್ದರೂ ಆ ಹೆಂಗಸಿಗೆ ತನ್ನ ಹೊತ್ತು ತನ್ನದಾಗಿರಲಿಲ್ಲ.

ಕಲಾವಿದೆ: ಆ ಜಾಲರಿಯ ಮೇಲೆ ನಾನು ಒಂದು ಕೆಲಸ ಮಾಡಬೇಕೆಂದಿದ್ದೇನೆ, ಬೈಯಬೇಡ. ಕಸೂತಿ.

ಗೆಳತಿ: ಬೈಯುತ್ತೇನೆ. ನಾಟಿಂಗ್‌ಹ್ಯಾಮ್, ನರಸಾಪುರ, ಅದರ ಮೇಲೆ ಧಾರವಾಡ. ಒಂದು ಕಿಟಕಿಗೆ ಎಷ್ಟು ಊರು ಕಟ್ಟುತ್ತೀ? ಇಳಕಲ್ ಸೀರೆಯ ಮೇಲಿನ ಆನೆ, ಅಂಬಾರಿ, ಗೋಪುರ, ತುಳಸಿಕಟ್ಟೆಗಳನ್ನು ಇಲ್ಲಿ ತಂದು ಮೆರೆಸಿದರೆ ಜನ ಅದನ್ನೇ ನೋಡುತ್ತಾರೆ. ಪರದೆ ಸೀರೆಯ ಸೆರಗಾಗುತ್ತದೆ.

ಕಲಾವಿದೆ: ಆನೆಯೂ ಇಲ್ಲ, ಗೋಪುರವೂ ಇಲ್ಲ. ಗವಂತಿ ಹೊಲಿಗೆ ಮಾತ್ರ. ಅದರ ಗುಣ ನಿನಗೂ ಗೊತ್ತು: ಎಳೆ ಎಣಿಸಿ ಒಂದು ಸಲ ಹೋಗಿ, ಬಿಟ್ಟ ಸಂದಿಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಕ್ಕೆ ಬರುವುದು. ಗಂಟು ಹಾಕುವುದಿಲ್ಲ. ಮುಗಿದ ಮೇಲೆ ಎರಡೂ ಮಗ್ಗುಲು ಒಂದೇ ಥರ, ಒಳಮೈ ಹೊರಮೈ ಎಂದು ಬೇರೆ ಮಾಡಲಾಗದು. ಒಂದು ಕಡೆಯವರಿಗೆ ಹೂವು, ಇನ್ನೊಂದು ಕಡೆಯವರಿಗೆ ನೂಲಿನ ಗೋಜಲು ಕಾಣುವ ಕಸೂತಿ ಈ ಪರದೆಗೆ ಒಗ್ಗುವುದಿಲ್ಲ. ಇದು ಒಗ್ಗುತ್ತದೆ. ಬಿಳಿ ಜಾಲರಿಯ ಮೇಲೆ ಬಿಳಿ ನೂಲಿನಲ್ಲಿ ಒಂದೇ ಗೆರೆ, ಈ ಅಂಚಿನಿಂದ ಆ ಅಂಚಿಗೆ. ಎತ್ತರ ಮಾತ್ರ ಲೆಕ್ಕ ಹಾಕಿ ಇಡುತ್ತೇನೆ: ಒಳಗಿನ ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ. ಹೊರಗೆ ನಿಂತವರಿಗೆ ಆ ಗೆರೆ ಸರಿಯಾಗಿ ಕಾಣಬೇಕಾದರೆ ಬಾಗಬೇಕು.

ಗೆಳತಿ: ಬಾಗಿದಾಗ ಕೂತವರ ಮುಖದ ಮಟ್ಟಕ್ಕೆ ಬರುತ್ತಾರೆ. ಸರಿ, ಇದು ಇರಲಿ. ಒಂದು ಗೆರೆ, ಅದಕ್ಕಿಂತ ಹೆಚ್ಚು ಒಂದು ಹೊಲಿಗೆಯೂ ಬೇಡ.

ಕಲಾವಿದೆ: ಇನ್ನೊಂದು ಚಿಂತೆ ಇದೆ. ಹೆಣೆದವರ ಹೆಸರು ಹಾಕಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಲೇಸಿನ ಇತಿಹಾಸದಲ್ಲಿ ಯಂತ್ರ ಮಾಡಿದ ಗಂಡಸರ ಹೆಸರು ನನಗೆ ಬಾಯಿಪಾಠ ಬರುತ್ತದೆ, ನಿನಗೆ ಆಗಲೇ ಮೂರು ಹೇಳಿದೆ. ಹೆಣೆದ, ಒಗೆದ ಹೆಂಗಸರಲ್ಲಿ ಒಬ್ಬಳ ಹೆಸರನ್ನೂ ಹೇಳಲಾಗಲಿಲ್ಲ. ಆದರೆ ಖಾಸಗಿತನದ ಬಗೆಗಿನ ಕೃತಿಯಲ್ಲಿ ಅವರ ಹೆಸರನ್ನು ಗೋಡೆಗೆ ಹಾಕುವುದೂ ಇಣುಕಿದಂತೆ ಅಲ್ಲವೇ?

ಗೆಳತಿ: ಕೇಳಿದರೆ ಇಣುಕಿದಂತೆ ಅಲ್ಲ. ಯೊಕೊಮಿಜೊ ಪತ್ರ ಬರೆದಳಲ್ಲ, ನೀನೂ ಕೇಳು. ಹೆಣೆಯುವವರಿಗೆ ತೆಲುಗಿನಲ್ಲಿ, ಅವರಿಗೆ ತಿಳಿಯುವ ಮಾತಿನಲ್ಲಿ, ಪರದೆ ಎಲ್ಲಿ ತೂಗುತ್ತದೆ, ಯಾಕೆ, ಯಾರು ನೋಡುತ್ತಾರೆ ಎಂದು ತಿಳಿಸು. ಹೆಸರು ಹಾಕಲಿ ಅಂದವರದು ಹಾಕು. ಬೇಡ ಅಂದವರ ಬದಲು ಇನ್ನೊಂದು ಹೆಸರು ಕಟ್ಟಬೇಡ, ಆ ಸಾಲು ಖಾಲಿ ಇರಲಿ. ದಲ್ಲಾಳಿಯ ಮೂಲಕ ಹೋಗಬೇಡ. ತುಂಡಿಗಿಷ್ಟು ಎಂದು ಕೊಡದೆ ತಾಸಿಗಿಷ್ಟು ಎಂದು ಕೊಡು, ನಿನ್ನ ತಾಸಿಗೆ ಗ್ಯಾಲರಿ ಎಷ್ಟು ಕೊಡುತ್ತದೋ ಅಷ್ಟೇ.

ಕಲಾವಿದೆ: ಕೋಣೆ ಕಟ್ಟುವುದಕ್ಕಿಂತ ಪರದೆಯ ಖರ್ಚೇ ಹೆಚ್ಚಾಗುತ್ತದೆ.

ಗೆಳತಿ: ಆಗಲಿ. ಕೋಣೆಯನ್ನು ಅಗ್ಗದ ಪ್ಲೈವುಡ್ಡಿನಲ್ಲಿ ಕಟ್ಟು. ಪರದೆಯ ಪಕ್ಕದ ಫಲಕದಲ್ಲಿ ಕೃತಿಯ ಹೆಸರು, ನಿನ್ನ ಹೆಸರು ಹಾಕುವ ಅಕ್ಷರದ ಗಾತ್ರದಲ್ಲೇ ಹೆಣೆದವರ ಹೆಸರು, ಹೆಣೆಯಲು ಹಿಡಿದ ತಾಸು, ಕೊಟ್ಟ ಕೂಲಿ ಬರೆಸು. ಪ್ರದರ್ಶನ ಮುಗಿಯುವವರೆಗೆ ಆ ಪರದೆ ಒಗೆಯುವವರು ಯಾರು, ಅವರಿಗೆ ಎಷ್ಟು ಎಂಬುದೂ ಅಲ್ಲೇ ಇರಲಿ. ಈ ಫಲಕ ಬೇಡವೆನ್ನುವ ಗ್ಯಾಲರಿಗೆ ಕೃತಿಯನ್ನು ಕೊಡಬೇಡ.